ಅಣ್ಣನ ಬೋರು ನಿಂತಿದ್ದು ನನ್ನಿಂದಲಾ?

ಓದುಗರ ಪತ್ರ, ಸಂಪಾದಕರ ಉತ್ತರ

(ಚಿಂತಾಮಣಿ ತಾಲ್ಲೂಕಿನ ರೈತರೊಬ್ಬರು ಬರೆದ ಪತ್ರ ಇದು. ಉದ್ದ ಇತ್ತು, ಚಿಕ್ಕದು ಮಾಡಿ ಕೊಟ್ಟಿದ್ದೇವೆ.)

‘ಮೂರೂವರೆ ಎಕರೆ ಜಮೀನು. ಎರಡು ಬೋರು ಫೇಲಾದ ಮೇಲೆ ಫೆಬ್ರುವರಿಯಲ್ಲಿ ಸಾಲ ಮಾಡಿ ಮೂರನೆಯದು ಕೊರೆಸಿದೆ. 1,180 ಅಡಿಗೆ ಎರಡಿಂಚು ನೀರು ಬಂತು. ಎರಡು ಎಕರೆಗೆ ಟೊಮೆಟೊ ಹಾಕಿದೆ. ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತೆ, ಅದಕ್ಕೆ ಮೋಟರು ತಾನೇ ಶುರುವಾಗೋ ಆಟೋ ಸ್ಟಾರ್ಟರ್ ಇದೆ. ಪಕ್ಕದ ಜಮೀನು ದೊಡ್ಡಪ್ಪನ ಮಗನದು. ಅಣ್ಣನ ಬೋರು 900 ಅಡಿ, ಏಳು ವರ್ಷದಿಂದ ನೀರು ಕೊಡ್ತಿತ್ತು. ನಂದಕ್ಕೆ ನೀರು ಬಿದ್ದ ಹದಿನೈದು ದಿನಕ್ಕೆ ಅವರದು ಬರೀ ಗಾಳಿ. ಪಂಪು ಮೇಲೆತ್ತಿಬಿಟ್ಟರು. ಹಿಪ್ಪುನೇರಳೆ ಒಣಗಿತು. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ರೇಷ್ಮೆ ಹುಳುಗಳನ್ನ ಅತ್ತಿಗೆ ಮಂಕರಿಯಲ್ಲಿ ತಂದು ತಿಪ್ಪೆಗೆ ಸುರಿಯೋದನ್ನ ನನ್ನ ತೋಟದಿಂದಲೇ ನೋಡಿದೆ. ಅಣ್ಣ ಜಗಳ ಆಡಲಿಲ್ಲ. ಮಾತು ಬಿಟ್ಟರು, ಅಷ್ಟೆ. ನಾನು ಕೊರೆಸಿದ್ದು ನನ್ನ ಜಮೀನಲ್ಲಿ. ಕಾನೂನು ಮೀರಿಲ್ಲ. ಆದರೂ ನಿದ್ದೆ ಬರ್ತಿಲ್ಲ. ತಪ್ಪು ನಂದಾ? ನೀವೇ ಹೇಳಿ.’

ನಮಸ್ಕಾರ.

ನಾನು ಹೌದು ಅಂದರೂ ನಿಮಗೆ ನಿದ್ದೆ ಬರುತ್ತದೆ, ಅಲ್ಲ ಅಂದರೂ ಬರುತ್ತದೆ. ಹೌದು ಅಂದರೆ ಒಂದಷ್ಟು ನೊಂದುಕೊಂಡು ಮಲಗುತ್ತೀರಿ. ಅಲ್ಲ ಅಂದರೆ ಹಗುರಾಗಿ ಮಲಗುತ್ತೀರಿ. ಎರಡರಲ್ಲಿ ಯಾವುದಾದರೂ ಅಣ್ಣನ ಸೊಪ್ಪಿಗೆ ಹನಿ ನೀರು ಬೀಳುವುದಿಲ್ಲ. ಅದಕ್ಕೇ ತೀರ್ಪಿನ ಕೆಲಸ ನಾನು ಮಾಡಲ್ಲ. ಆದರೆ ಪತ್ರವನ್ನು ಎರಡು ಸಲ ಓದಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ನೀವು ನಾಲ್ಕು ಪುಟ ಬರೆದಿರುವುದು ಬೋರು ಕೊರೆಸಿದ ಆ ಒಂದು ದಿನದ ಬಗ್ಗೆ. ಆಟೋ ಸ್ಟಾರ್ಟರ್ ಬಗ್ಗೆ ಬರೆದಿರುವುದು ಅರ್ಧ ಸಾಲು.

ಮೊದಲು ನೆಲದ ಕೆಳಗಿನ ವಿಷಯ ಮುಗಿಸೋಣ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆಳಗಿರುವುದು ಗಟ್ಟಿ ಕಲ್ಲು. ಮೇಲಿನ ಸವೆದ ಪದರ ದಾಟಿದರೆ ನೀರಿಗೆ ಜಾಗ ಇರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಕೆಳಗೆ ನದಿ ಹರಿಯುತ್ತಿದೆ ಅನ್ನುವುದೆಲ್ಲ ತೆಂಗಿನಕಾಯಿ ಹಿಡಿದು ನೀರು ತೋರಿಸುವವರ ಮಾತು. ಎರಡು ಬೋರು ಒಂದೇ ಬಿರುಕಿಗೆ ತಗುಲಿದರೆ ಒಂದು ಎಳೆದಷ್ಟೂ ಇನ್ನೊಂದರಲ್ಲಿ ಮಟ್ಟ ಇಳಿಯುತ್ತದೆ. ಬೇರೆ ಬೇರೆ ಬಿರುಕಾದರೆ, ನೂರು ಅಡಿ ಅಂತರದಲ್ಲಿದ್ದರೂ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ನಿಮ್ಮದಕ್ಕೆ ನೀರು ಬಿದ್ದ ಹದಿನೈದು ದಿನಕ್ಕೆ ಅಣ್ಣನದು ನಿಂತಿತು ನಿಜ. ಫೆಬ್ರುವರಿ ಕಳೆದ ಮೇಲೆ ನಿಮ್ಮ ಕಡೆ ಹೇಗಿದ್ದರೂ ಮಟ್ಟ ಇಳಿಯುತ್ತಲೇ ಇರುತ್ತದೆ, ಅದೂ ನಿಜ. ಸುಮ್ನೆ ಕೂತು ಯೋಚಿಸಿದರೆ ಇದು ಬಗೆಹರಿಯಲ್ಲ.

ಅಳೆದರೆ ಗೊತ್ತಾಗುತ್ತದೆ. ಅಣ್ಣ ಪಂಪು ಮೇಲೆತ್ತಿದ್ದಾರೆ ಅಂದಿರಲ್ಲ, ಈ ಕೆಲಸಕ್ಕೆ ಅದು ಅನುಕೂಲವೇ. ಬೋರಿನೊಳಗೆ ಪಂಪು, ಪೈಪು ಇಲ್ಲ, ದಾರ ಬಿಡಬಹುದು. ಟೊಮೆಟೊ ಕೊಯ್ಲು ಮುಗಿಯುತ್ತಿದ್ದ ಹಾಗೆ ನಿಮ್ಮ ಮೋಟರು ಒಂದು ವಾರ ಪೂರ್ತಿ ನಿಲ್ಲಿಸಿ. ಉದ್ದ ನೈಲಾನ್ ದಾರಕ್ಕೆ ತೂಕದ ಕಬ್ಬಿಣದ ಚೂರು ಕಟ್ಟಿ ಅಣ್ಣನ ಬೋರಿಗೆ ಇಳಿಸಿ. ದಾರ ಎಲ್ಲಿಂದ ಒದ್ದೆಯಾಗಿದೆ ನೋಡಿ, ಒಣಗಿದ ಉದ್ದ ಅಳೆಯಿರಿ. ಪ್ರತಿದಿನ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಆಮೇಲೆ ಮೋಟರು ಶುರು ಮಾಡಿ ಮತ್ತೊಂದು ವಾರ ಅಳೆಯಿರಿ. ನಿಲ್ಲಿಸಿದಾಗ ಏರಿ, ಓಡಿಸಿದಾಗ ಇಳಿದರೆ ಎರಡಕ್ಕೂ ಸಂಬಂಧ ಇದೆ. ಮಧ್ಯೆ ಜೋರು ಮಳೆ ಬಂದರೆ ಮಾತ್ರ ಲೆಕ್ಕ ಕೆಡುತ್ತದೆ, ಮತ್ತೆ ಮಾಡಬೇಕು. ಈ ಕೆಲಸವನ್ನು ಅಣ್ಣನ ಎದುರಿಗೇ ಮಾಡಬೇಕು. ದಾರದ ಒಂದು ತುದಿ ಅವರ ಕೈಯಲ್ಲಿರಲಿ.

ಕಾನೂನು ಮೀರಿಲ್ಲ ಅಂದಿರಿ. ಜಮೀನಿನ ಕೆಳಗಿನ ನೀರು ಜಮೀನಿನವನದು ಅನ್ನುವುದು ಬ್ರಿಟಿಷರ ಕಾಲದಿಂದ ಬಂದ ಮಾತು. 1882ರ ಈಸ್‌ಮೆಂಟ್ ಕಾಯ್ದೆಯಲ್ಲೂ ಅದೇ ಇದೆ. ಆದರೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಬಂದ ಮೇಲೆ ಅಧಿಸೂಚಿತ (ಸರ್ಕಾರ ಗುರುತಿಸಿ ಪ್ರಕಟಿಸಿದ) ಪ್ರದೇಶಗಳಲ್ಲಿ ಹೊಸ ಬೋರು ಕೊರೆಸಲು ಅನುಮತಿ ಬೇಕು. ಅದಕ್ಕೂ ಮೊದಲಿನ 1999ರ ಕಾಯ್ದೆ ಪ್ರಕಾರ, ಊರಿನ ಕುಡಿಯುವ ನೀರಿನ ಬೋರಿನಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಕೊರೆಸುವ ಹಾಗಿಲ್ಲ. ನಿಮ್ಮ ಪತ್ರದಲ್ಲಿ ಅನುಮತಿಯ ಮಾತೇ ಬಂದಿಲ್ಲ. ತಗೊಂಡಿದ್ದರೆ ಸಂತೋಷ.

ಸಾಲ ಮಾಡಿ ಯಾಕೆ ಕೊರೆಸಿದಿರಿ ಅಂತ ಮಾತ್ರ ನಾನು ಕೇಳಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದ್ದನ್ನು ನೋಡಿದವರು ಯಾರು ತಾನೇ ಸುಮ್ಮನಿರುತ್ತಾರೆ? ತಮಿಳುನಾಡಿನ ತಿರುಚೆಂಗೋಡಿನಿಂದ ಬೋರು ಕೊರೆಯುವ ರಿಗ್ ಲಾರಿ ಊರಿಗೆ ಬಂದು ನಿಂತರೆ ಅರ್ಧ ಊರೇ ಸುತ್ತ ನೆರೆಯುತ್ತದೆ. ಧೂಳು ಹೋಗಿ ನೀರು ಚಿಮ್ಮಿದರೆ ಕುಣಿಯುವವರು ಒಬ್ಬಿಬ್ಬರಲ್ಲ. ನಿಮ್ಮ ಎರಡಿಂಚು ನೀರು ನೋಡಿ ಅಣ್ಣನೂ ಅವತ್ತು ಖುಷಿಪಟ್ಟಿರಬಹುದು.

ಈಗ ಒಂದು ಲೆಕ್ಕ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸುಮಾರು 4,000 ಲೀಟರ್. ನಿಮ್ಮ ಕಡೆ ವರ್ಷದ ಮಳೆ 700 ಮಿಲಿಮೀಟರ್ ಆಸುಪಾಸು. ಇಂಥ ಕಲ್ಲು ನೆಲದಲ್ಲಿ ಅದರಲ್ಲಿ ಕೆಳಗಿಳಿಯುವುದು ಜಾಸ್ತಿ ಅಂದರೆ ಹತ್ತರಲ್ಲಿ ಒಂದು ಪಾಲು, 70 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಮೂರೂವರೆ ಎಕರೆಗೆ ವರ್ಷಕ್ಕೆ ಸುಮಾರು 10 ಲಕ್ಷ ಲೀಟರ್ ಆಯಿತು. ಮಳೆ ನಿಮ್ಮ ಹೆಸರಿಗೆ ಹಾಕುವ ಜಮೆ ಇಷ್ಟು. ಖರ್ಚು ನೋಡಿ. ಟೊಮೆಟೊ ಬೆಳೆಗೆ ಒಟ್ಟು 400ರಿಂದ 600 ಮಿಲಿಮೀಟರ್ ನೀರು ಬೇಕು. ಡ್ರಿಪ್‌ನಲ್ಲಿ ಹುಷಾರಾಗಿ ಬಿಟ್ಟು 400ರಲ್ಲೇ ಮುಗಿಸಿದಿರಿ ಅನ್ನೋಣ. ಎರಡು ಎಕರೆಗೆ 32 ಲಕ್ಷ ಲೀಟರ್. ಒಂದೇ ಬೇಸಿಗೆ ಬೆಳೆಗೆ ನಿಮ್ಮ ಜಮೀನಿನ ಮೂರು ವರ್ಷದ ಮಳೆ ಜಮೆ ಖರ್ಚಾಯಿತು.

ಈ ಲೆಕ್ಕ ಅಣ್ಣನಿಗೂ ಅನ್ವಯಿಸುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಸೊಪ್ಪು ಕೊಯ್ಯುವ ಹಿಪ್ಪುನೇರಳೆ ಟೊಮೆಟೊಗಿಂತ ಕಡಿಮೆ ಕುಡಿಯಲ್ಲ. ಏಳು ವರ್ಷದ ಹಿಂದೆ ಅವರು 900 ಅಡಿಗೆ ಇಳಿದಾಗ ಯಾರ ಬೋರು ನಿಂತಿತೋ? ನಿಮ್ಮ ಫೇಲಾದ ಎರಡು ಬೋರುಗಳೇ ಇರಬಹುದು. ಹಾಗಂತ ಈ ಮಾತನ್ನು ಅಣ್ಣನ ಮುಂದೆ ಆಡಲು ಹೋಗಬೇಡಿ. ಹುಳು ತಿಪ್ಪೆಗೆ ಸುರಿದವರ ಹತ್ತಿರ ‘ನೀವೂ ಮಾಡಿದ್ದಿರಲ್ಲ’ ಅನ್ನುವಂಥ ಮಾತಲ್ಲ ಅದು.

ಎಲ್ಲರಿಗಿಂತ ಕೊನೆಗೆ ಕೊರೆಸಿದವನದೇ ತಪ್ಪಾ ಅನ್ನುವ ಪ್ರಶ್ನೆ ಅಮೆರಿಕದಲ್ಲಿ ಕೋರ್ಟು ಹತ್ತಿತ್ತು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರ, ಪಕ್ಕದ ಊರುಗಳು, ಕೆಲವು ಕಂಪನಿಗಳು, ಎಲ್ಲರೂ ಒಂದೇ ಅಂತರ್ಜಲದಿಂದ ನೀರೆತ್ತುತ್ತಿದ್ದರು. ಮಟ್ಟ ಇಳಿಯುತ್ತಾ ಹೋಯಿತು. 1937ರಲ್ಲಿ ಪ್ಯಾಸಡೀನಾ ನೆರೆಯ ಅಲ್‌ಹ್ಯಾಂಬ್ರಾ ಮತ್ತು ಇತರರ ಮೇಲೆ ದಾವೆ ಹಾಕಿತು. ಮೊದಲು ಬಂದವನಿಗೆ ಹಕ್ಕು, ಆಮೇಲೆ ಬಂದವನು ಸುಮ್ಮನಿರಬೇಕು ಅನ್ನುವುದು ಹಳೇ ನ್ಯಾಯ. ಹನ್ನೆರಡು ವರ್ಷ ಕಳೆದು 1949ರಲ್ಲಿ ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟು ಒಪ್ಪಿದ ನ್ಯಾಯವೇ ಬೇರೆ. ಪ್ರತಿವರ್ಷ ತುಂಬುವುದಕ್ಕಿಂತ ಜಾಸ್ತಿ ಎತ್ತಲು ಶುರುವಾದ ಮೇಲೆ ಪ್ರತಿಯೊಬ್ಬನೂ ಉಳಿದವರೆಲ್ಲರ ನೀರು ತೆಗೆದ ಹಾಗೆಯೇ. ಹಾಗಾಗಿ ಎಲ್ಲರೂ ತಾವು ಎತ್ತುತ್ತಿದ್ದುದಕ್ಕೆ ತಕ್ಕಂತೆ ಕಡಿಮೆ ಮಾಡಬೇಕು. ಯಾರೂ ಪೂರ್ತಿ ನಿಲ್ಲಿಸಬೇಕಾಗಲಿಲ್ಲ. ಯಾರೂ ಮೊದಲಿನಷ್ಟೇ ಎತ್ತುವ ಹಾಗೂ ಇರಲಿಲ್ಲ. ನಿಮ್ಮ ಪ್ರಶ್ನೆಗೆ ನಾನು ಕಂಡ ಉತ್ತರಗಳಲ್ಲಿ ನನಗೆ ಮನಸ್ಸಿಗೆ ಒಪ್ಪಿದ್ದು ಇದು.

ಇನ್ನು ಆಟೋ ಸ್ಟಾರ್ಟರ್ ವಿಷಯ. ನನಗೆ ಮುಖ್ಯ ಅನಿಸುವುದು ಇದೇ.

ನಿಮ್ಮ ತಾತನ ಕಾಲದಲ್ಲಿ ಕಪಿಲೆ ಬಾವಿ ಇದ್ದಿರಬೇಕು. ಎತ್ತು ಹಿಂದಕ್ಕೂ ಮುಂದಕ್ಕೂ ನಡೆದು ನೀರೆಳೆಯುತ್ತಿದ್ದವು. ಹೊತ್ತೇರಿದ ಹಾಗೆ ಬಾವಿ ತಳ ಕಾಣುತ್ತಿತ್ತು. ಎತ್ತೂ ಸುಸ್ತು, ಬಾವಿಯೂ ಸುಸ್ತು. ರಾತ್ರಿ ಬಾವಿ ಊರಿಕೊಂಡಷ್ಟು ಬೆಳಿಗ್ಗೆಗೆ. ತಾತ ಏನೂ ದೊಡ್ಡ ತ್ಯಾಗಿಯಲ್ಲ. ಎಷ್ಟು ತೆಗೆದೆ, ಎಷ್ಟು ಉಳಿದಿದೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. ಕೆರೆ ಕೆಳಗಿನ ಗದ್ದೆಯಾದರೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು ಅವನೇ, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ನೋಡುವವನೂ ಅವನೇ. ಗೌಡನ ಗದ್ದೆಗೆ ಜಾಸ್ತಿ ಬಿಟ್ಟನೋ ಇಲ್ಲವೋ, ಆ ಜಗಳ ಬೇರೆ. ಆದರೆ ಬಿಟ್ಟಿದ್ದು ಊರಿಗೆಲ್ಲ ಕಾಣುತ್ತಿತ್ತು.

ಬೋರಿನಲ್ಲಿ ಏನೂ ಕಾಣಲ್ಲ. ಅದರ ಮೇಲೆ ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಬಿಲ್ಲಿಲ್ಲ. ತಿಂಗಳಿಗೊಮ್ಮೆ ಬಿಲ್ಲಾದರೂ ಬಂದಿದ್ದರೆ ‘ಅಯ್ಯೋ, ಇಷ್ಟು ಓಡಿಸಿದ್ದೀನಾ’ ಅಂತ ಒಂದು ಸಲ ಅನಿಸುತ್ತಿತ್ತು. ಬಿಲ್ಲು ಹಾಕಿ ಅಂತ ನಾನು ಹೇಳುತ್ತಿಲ್ಲ. ರೈತರ ಕಷ್ಟ ಗೊತ್ತಿರುವ ಪತ್ರಿಕೆ ಇದು. ಆದರೆ ಕಾಣುವ ದಾರಿ ಒಂದೊಂದೇ ಮುಚ್ಚಿದ್ದು ಹೌದು. ಕೊನೆಯದನ್ನು ಮುಚ್ಚಿದ್ದು ಆಟೋ ಸ್ಟಾರ್ಟರ್. ರಾತ್ರಿ ಒಂದು ಗಂಟೆಗೆ ಕರೆಂಟು ಬಂತು. ಮೋಟರು ತಾನಾಗಿ ಶುರುವಾಯಿತು. ತೊಟ್ಟಿ ತುಂಬಿತು, ತುಂಬಿ ಹರಿಯಿತು, ಬದುವಿನಾಚೆ ಹೋಯಿತು. ನೀವು ಮಲಗಿದ್ದೀರಿ. ಬೆಳಿಗ್ಗೆ ಕೇಳಿದರೆ ನೀವೇನೂ ಮಾಡಿಲ್ಲ.

ಅಣ್ಣನ ಬೋರಿಗೆ ಏನಾದರೂ ಆಗಿದ್ದರೆ ಅದು ರಿಗ್ ಬಂದ ಒಂದೇ ದಿನ ಆಗಿದ್ದಲ್ಲ. ಬರೀ ತೂತು ಕೊರೆದದ್ದಕ್ಕೆ ನೀರು ಹೋಗುವುದು ಕಡಿಮೆ. ಮೋಟರು ಓಡಿದಷ್ಟು ರಾತ್ರಿ ಹೋಗುತ್ತದೆ. ಫೆಬ್ರುವರಿಯ ಆ ದಿನವನ್ನು ನೀವು ವಾಪಸು ತರಲಾರಿರಿ, ಅದಕ್ಕೇ ಅದರ ಬಗ್ಗೆ ಎಷ್ಟು ನೊಂದುಕೊಂಡರೂ ನಿಮಗೆ ಖರ್ಚಿಲ್ಲ. ಇವತ್ತು ರಾತ್ರಿ ಒಂದು ಗಂಟೆಯದು ಇನ್ನೂ ನಿಮ್ಮ ಕೈಯಲ್ಲೇ ಇದೆ. ಹೇಗಿದ್ದರೂ ನಿದ್ದೆ ಬರುತ್ತಿಲ್ಲ ಅಂದಿರಿ. ಟಾರ್ಚು ಹಿಡಿದು ತೋಟಕ್ಕೆ ಹೋಗಿ, ನೀರು ಎಲ್ಲಿ ಹೋಗುತ್ತಿದೆ ನೋಡಿ ಬನ್ನಿ. ಆಟೋ ಸ್ಟಾರ್ಟರ್ ತೆಗೆಸಿ, ಇಲ್ಲವೇ ಟೈಮರ್ ಹಾಕಿಸಿ. ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೇನಲ್ಲ.

ನಿಮ್ಮ ತಾಲ್ಲೂಕಿನ ಗಡಿ ದಾಟಿದರೆ ಆಂಧ್ರ. ಆಗಿನ್ನೂ ಒಡೆಯದ ಆ ರಾಜ್ಯದಲ್ಲಿ ಚಿತ್ತೂರು, ಅನಂತಪುರ ಸೇರಿ ಏಳು ಬರದ ಜಿಲ್ಲೆಗಳಲ್ಲಿ 2003ರಿಂದ ಕೆಲವು ವರ್ಷ ಒಂದು ಕೆಲಸ ನಡೆಯಿತು. ರೈತರೇ ಮಳೆ ಅಳೆದರು, ಬೋರಿನ ಮಟ್ಟ ಅಳೆದು ಊರ ಗೋಡೆ ಮೇಲೆ ಬರೆದರು. ಹಿಂಗಾರಿಗೆ ಮೊದಲು ಎಲ್ಲರೂ ಕೂತು ಕೆಳಗೆ ಎಷ್ಟಿದೆ, ಯಾವ ಬೆಳೆಗೆ ಎಷ್ಟು ಬೇಕು ಅಂತ ಕೂಡಿಸಿ ಕಳೆದರು. ಇಂಥ ಬೆಳೆ ಹಾಕಬೇಡ ಅಂತ ಯಾರೂ ಯಾರಿಗೂ ಕಟ್ಟಪ್ಪಣೆ ಮಾಡಲಿಲ್ಲ. ಲೆಕ್ಕ ನೋಡಿದ ಮೇಲೆ ಅನೇಕರು ತಾವಾಗಿಯೇ ಭತ್ತದಂಥ ಬೆಳೆ ಕಡಿಮೆ ಮಾಡಿದರು. ನಿಮ್ಮಲ್ಲಿ ಇಡೀ ಊರು ಸೇರುವುದು ಕಷ್ಟ ಇರಬಹುದು. ಇಬ್ಬರು ಸೇರಿದರೂ ಶುರು ಮಾಡಬಹುದು.

ಹೇಗೆ ಹೋಗುವುದು ಅಂತ ನೀವು ಕೇಳಿಲ್ಲ, ಆದರೆ ಪತ್ರದ ತುಂಬ ಇರುವುದು ಅದೇ ಸಂಕೋಚ. ‘ತಪ್ಪಾಯ್ತು’ ಅಂತ ಶುರು ಮಾಡಬೇಡಿ. ಹಾಗಂದರೆ ಅಣ್ಣ ‘ಇರಲಿ ಬಿಡು’ ಅನ್ನಲೇಬೇಕಾಗುತ್ತದೆ. ನೊಂದವರ ಮೇಲೆ ಸಮಾಧಾನ ಹೇಳುವ ಕೆಲಸವನ್ನೂ ಹೊರಿಸಿದ ಹಾಗೆ. ‘ಅಣ್ಣಾ, ನಂದು ಒಂದು ವಾರ ನಿಲ್ಲಿಸ್ತೀನಿ, ನಿಮ್ಮ ಬೋರಲ್ಲಿ ಏರುತ್ತಾ ನೋಡೋಣ ಬನ್ನಿ’ ಅನ್ನಿ. ಅವರು ಮುಖ ತಿರುಗಿಸಿದರೆ ಅತ್ತಿಗೆಗೆ ಹೇಳಿ ಬನ್ನಿ. ಮನೆಯಲ್ಲಿ ಹಳೇ ಪಾಲು ಪಾರೀಕತ್ತು ಪತ್ರ ಇದ್ದರೆ ತೆಗೆದು ಓದಿ. ನಿಮ್ಮ ಕಡೆಯ ಹಳೇ ಪತ್ರಗಳಲ್ಲಿ ಜಮೀನು ಭಾಗ ಆದರೂ ಬಾವಿ ಜಂಟಿಯಾಗಿಯೇ ಇದ್ದು, ಯಾವ ದಿನ ಯಾರ ಸರದಿ ಅಂತ ಬರೆದಿರುವುದು ಉಂಟು. ಹಾಗೇನಾದರೂ ಸಿಕ್ಕರೆ ಸರದಿಯ ಮಾತು ಎತ್ತುವುದು ಸುಲಭ. ವಾರಕ್ಕೆ ಎರಡು ರಾತ್ರಿ ನಿಮ್ಮ ನೀರು ಅವರ ಸೊಪ್ಪಿಗೆ ಅಂತ ಪೈಪು ಎಳೆಯಿರಿ. ನಿಮ್ಮ ಟೊಮೆಟೊ ಎರಡರಿಂದ ಒಂದೂಕಾಲು ಎಕರೆಗೆ ಇಳಿಯಬಹುದು. ನಷ್ಟ ಆಗುತ್ತದೆ, ಇಲ್ಲ ಅಂತ ಹೇಳಲ್ಲ. ಸಾಲದ ಕಂತು ನಿಮಗೇ ಗೊತ್ತು.

ಇನ್ನೊಂದು ವಿಷಯ, ಇದಕ್ಕೆ ವಾರ ಕಾಯಬೇಡಿ. ಫೇಲಾದ ಎರಡು ಬೋರುಗಳ ಬಾಯಿ ಏನು ಮಾಡಿದ್ದೀರಿ? ಪತ್ರದಲ್ಲಿ ಇಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗು ಬಿದ್ದಿದ್ದು ಮನೆಯವರೇ ಆಗಷ್ಟೇ ಕೊರೆಸಿ ಮುಚ್ಚದೆ ಬಿಟ್ಟಿದ್ದ ಬೋರಿಗೆ. ಇಪ್ಪತ್ತು ಗಂಟೆಯ ಹೋರಾಟದ ನಂತರ ಜೀವಂತವಾಗಿ ಹೊರತೆಗೆದರು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲಿಲ್ಲ. ಬಿಟ್ಟ ಬೋರನ್ನು ಮುಚ್ಚಬೇಕು ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಗೋಣಿಚೀಲ ಕಟ್ಟಿ ಮೇಲೊಂದು ಕಲ್ಲಿಟ್ಟರೆ ಮುಚ್ಚಿದ ಹಾಗಲ್ಲ. ಮಣ್ಣು, ಕಲ್ಲು ತುಂಬಿಸಿ. ಮಳೆನೀರು ಇಂಗಿಸಲು ಇಟ್ಟುಕೊಳ್ಳುವುದಾದರೆ ಕಬ್ಬಿಣದ ಮುಚ್ಚಳ ವೆಲ್ಡ್ ಮಾಡಿಸಿ, ಸುತ್ತ ಕಲ್ಲು, ಜಲ್ಲಿ, ಮರಳಿನ ಇಂಗುಗುಂಡಿ ಮಾಡಿ. ಗದ್ದೆಯ ಕೊಚ್ಚೆನೀರು ನೇರವಾಗಿ ಕೊಳವೆಗೆ ಬಿಡಬೇಡಿ. ಔಷಧಿ ಹೊಡೆದ ತೋಟದ ನೀರು ಕೆಳಗಿಳಿದರೆ ಅದನ್ನು ಕುಡಿಯುವವರೂ ನೀವೇ, ಅಣ್ಣನ ಮನೆಯವರೇ.

ಹೆಸರು ಹಾಕಬೇಡಿ, ಅಣ್ಣ ಈ ಪತ್ರಿಕೆ ತರಿಸುತ್ತಾರೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಹೆಸರು ಹಾಕಿಲ್ಲ. ಅಡಿ, ಎಕರೆಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇವೆ. ಆದರೂ ಹುಳು ಸುರಿದವರಿಗೆ ಅದು ತಮ್ಮ ಮನೆಯ ತಿಪ್ಪೆ ಅಂತ ಗೊತ್ತಾಗದೇ ಇರುತ್ತದಾ? ಈ ಉತ್ತರವನ್ನು ಇವತ್ತೇ ನಿಮ್ಮ ವಾಟ್ಸಾಪ್‌ಗೆ ಕಳಿಸುತ್ತಿದ್ದೇನೆ. ಸಂಚಿಕೆ ನಿಮ್ಮೂರು ಮುಟ್ಟಲು ಇನ್ನೂ ಹತ್ತು ದಿನ ಇದೆ. ಅಷ್ಟರೊಳಗೆ ಹೋಗಿ ಬನ್ನಿ.

– ಸಂಪಾದಕ