ಲೋ ಕೀನ್ ಯೂ ಅವರ ವಿಶ್ವ ಪ್ರಶಸ್ತಿ ಅದೃಷ್ಟದ ಫಲವೇ?

ಸಿಂಗಪುರದ ಲೋ ಕೀನ್ ಯೂ 2021ರಲ್ಲಿ ಬ್ಯಾಡ್ಮಿಂಟನ್ ವಿಶ್ವ ಚಾಂಪಿಯನ್ ಆದದ್ದು ಅದೃಷ್ಟದಿಂದಲೇ, ಅಲ್ಲವಾದರೆ ಆಮೇಲೆ ಅಷ್ಟು ದೊಡ್ಡ ಪ್ರಶಸ್ತಿ ಅವರಿಗೆ ಏಕೆ ದಕ್ಕಲಿಲ್ಲ ಎಂದು ನೀವು ಕೇಳಿದ್ದೀರಿ. ಅದು ಅದೃಷ್ಟವಲ್ಲ ಎಂದೇ ನಾನು ನಂಬಿದ್ದೇನೆ. ದಿನನಿತ್ಯದ ಅಭ್ಯಾಸದಲ್ಲಿ ಅವರ ಎದುರು ನಿಂತು ಆಡುವವರು ಯಾರು ಎಂಬುದನ್ನು ಗಮನಿಸಿದರೆ ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಲೋ ಹುಟ್ಟಿದ್ದು 1997ರಲ್ಲಿ, ಮಲೇಷ್ಯಾದ ಪಿನಾಂಗ್‌ನಲ್ಲಿ. ಹದಿಮೂರರ ವಯಸ್ಸಿಗೆ ಸಿಂಗಪುರ ಕ್ರೀಡಾ ಶಾಲೆಯ ವಿದ್ಯಾರ್ಥಿವೇತನ ಪಡೆದು ಅಲ್ಲಿಗೆ ಬಂದ ಅವರು 2015ರಲ್ಲಿ ಆ ದೇಶದ ಪೌರತ್ವ ಪಡೆದರು. ಅವರ ಅಣ್ಣ ಲೋ ಕೀನ್ ಹೀನ್ ಕೂಡ ಸಿಂಗಪುರದ ಪರ ಡಬಲ್ಸ್ ಆಡಿದವರು. ಪೌರತ್ವದ ಜೊತೆಗೆ ಅಲ್ಲಿನ ಯುವಕರೆಲ್ಲರಿಗೂ ಕಡ್ಡಾಯವಾದ ಎರಡು ವರ್ಷಗಳ ರಾಷ್ಟ್ರೀಯ ಸೇವೆಯೂ ಬಂತು. ಸಿಂಗಲ್ಸ್ ಆಟಗಾರನ ಕಾಲಿನ ವೇಗ ಮತ್ತು ಉಸಿರಿನ ಶಕ್ತಿ ಕುದುರುವ ವಯಸ್ಸಿನಲ್ಲಿ ಈ ಸೇವೆ ಎದುರಾಗುತ್ತದೆ ಎಂಬುದನ್ನು ಅವರ ಸಾಧನೆ ಅಳೆಯುವವರು ಮರೆಯಬಾರದು.

ಸಿಂಗಪುರದ ವಿಸ್ತೀರ್ಣ ಸುಮಾರು 730 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರದಷ್ಟೇ ಎಂದರೂ ತಪ್ಪಾಗದು. ಅಲ್ಲಿ ವಾಸಿಸುವ ಜನರಲ್ಲಿ ದೊಡ್ಡದೊಂದು ಭಾಗ ಹೊರದೇಶದವರಾದ್ದರಿಂದ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾಗಬಲ್ಲವರ ಸಂಖ್ಯೆ ಇನ್ನೂ ಕಡಿಮೆ. ಹಾಗೆಂದು ಆ ನೆಲಕ್ಕೆ ಈ ಆಟ ಹೊಸದೇನಲ್ಲ. ಸಿಂಗಪುರದಲ್ಲಿ ನೆಲೆಸಿದ್ದ ವಾಂಗ್ ಪೆಂಗ್ ಸೂನ್ 1950ರಿಂದ 1955ರ ನಡುವೆ ನಾಲ್ಕು ಬಾರಿ ಪ್ರತಿಷ್ಠಿತ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದಿದ್ದರು; ಇಂಡೊನೇಷ್ಯಾದಲ್ಲಿ ಹುಟ್ಟಿ ಸಿಂಗಪುರದ ಪರ ಆಡಿದ ರೊನಾಲ್ಡ್ ಸುಸಿಲೊ 2004ರ ಅಥೆನ್ಸ್ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲೇ ಚೀನಾದ ದಿಗ್ಗಜ ಆಟಗಾರ ಲಿನ್ ಡಾನ್ ಅವರನ್ನು ಹೊರಗಟ್ಟಿದ್ದರು. ಅದೇ ಲಿನ್ ಡಾನ್ ಅವರನ್ನು 2019ರ ಥಾಯ್ಲೆಂಡ್ ಮಾಸ್ಟರ್ಸ್ ಫೈನಲ್‌ನಲ್ಲಿ 21-19, 21-18ರಿಂದ ಮಣಿಸಿದಾಗ ಲೋ ಹೆಸರು ಮೊದಲ ಬಾರಿಗೆ ದೊಡ್ಡದಾಗಿ ಕೇಳಿಬಂತು.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಲೋ ಗುಂಪು ಹಂತವನ್ನು ದಾಟಲಿಲ್ಲ. ಇಂಡೊನೇಷ್ಯಾದ ಜೊನಾಥನ್ ಕ್ರಿಸ್ಟಿ ಎದುರು ಮೂರು ಗೇಮ್‌ಗಳವರೆಗೆ ಹೋರಾಡಿ ಸೋತರು. ಅಲ್ಲಿ ಚಿನ್ನ ಗೆದ್ದ ಡೆನ್ಮಾರ್ಕ್‌ನ ವಿಕ್ಟರ್ ಆಕ್ಸೆಲ್ಸನ್ ಅದರ ಬೆನ್ನಿಗೇ ದುಬೈಗೆ ವಾಸ್ತವ್ಯ ಬದಲಿಸಿ, ಬೇರೆ ಬೇರೆ ದೇಶಗಳ ಆಟಗಾರರನ್ನು ಅಭ್ಯಾಸಕ್ಕೆ ಕರೆಸಿಕೊಂಡರು. ಹಾಗೆ ಹೋದವರಲ್ಲಿ ಲೋ ಒಬ್ಬರು, ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಪಳಗಿದ ಲಕ್ಷ್ಯ ಸೇನ್ ಇನ್ನೊಬ್ಬರು. ನನ್ನ ಉತ್ತರದ ತಿರುಳು ಈ ಕೆಲವು ವಾರಗಳಲ್ಲಿದೆ. ಚೀನಾ, ಇಂಡೊನೇಷ್ಯಾಗಳ ಆಟಗಾರನಿಗೆ ತನ್ನಷ್ಟೇ ಬಲವುಳ್ಳ ಎದುರಾಳಿಗಳು ರಾಷ್ಟ್ರೀಯ ಶಿಬಿರದಲ್ಲೇ ಪ್ರತಿದಿನ ಸಿಗುತ್ತಾರೆ. ತನ್ನ ದೇಶದಲ್ಲಿ ತಾನೇ ಎಲ್ಲರಿಗಿಂತ ಎಷ್ಟೋ ಮುಂದಿರುವವನಿಗೆ ಆ ಅನುಕೂಲವಿಲ್ಲ: ಅಭ್ಯಾಸದಲ್ಲಿ ಆತ ಹೊಡೆದ ಸ್ಮ್ಯಾಶ್ ಮರಳಿ ಬಾರದು, ನೆಟ್ ಬಳಿ ತಡವಾಗಿ ತಲುಪಿದ್ದಕ್ಕೆ ತೆರಬೇಕಾದ ಬೆಲೆ ತಿಳಿಯದು. ದುಬೈ ಲೋ ಅವರಿಗೆ ಆ ಕೊರತೆ ತುಂಬಿಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಅವರು ಲಕ್ಷ್ಯ ಅವರನ್ನು ಸೋಲಿಸಿ ಡಚ್ ಓಪನ್, ನವೆಂಬರ್‌ನಲ್ಲಿ ಹೈಲೊ ಓಪನ್ ಗೆದ್ದರು. ಬಾಲಿಯಲ್ಲಿ ನಡೆದ ಇಂಡೊನೇಷ್ಯಾ ಓಪನ್ ಫೈನಲ್‌ನಲ್ಲಿ ಆಕ್ಸೆಲ್ಸನ್ ಅವರಿಂದ ಒಂದು ಗೇಮ್ ಕಸಿದುಕೊಂಡರು. ಏರುಗತಿಯೊಂದು ಹೀಗೆ ಕಣ್ಣಿಗೆ ಕಾಣುತ್ತಿರುವಾಗ ಡಿಸೆಂಬರ್‌ನ ಫಲಿತಾಂಶವನ್ನು ಮಾತ್ರ ಆಕಸ್ಮಿಕ ಎನ್ನುವುದು ಹೇಗೆ?

ಸ್ಪೇನಿನ ವೆಲ್ವಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಲೋ ಶ್ರೇಯಾಂಕವಿಲ್ಲದೆ, ಅಂದರೆ ಟೂರ್ನಿ ತನ್ನ ಅಗ್ರ ಆಟಗಾರರಿಗೆ ಕೊಡುವ ಕ್ರಮಸಂಖ್ಯೆ ಇಲ್ಲದೆ, ಬಂದಿದ್ದರು. ವಿಶ್ವ ರ‍್ಯಾಂಕಿಂಗ್‌ನಲ್ಲಿ ಅವರದು 22ನೇ ಸ್ಥಾನ. ಮೊದಲ ಸುತ್ತಿನಲ್ಲೇ ಆಕ್ಸೆಲ್ಸನ್ ಎದುರಾದರು. ಮೊದಲ ಗೇಮ್ 14-21ರಿಂದ ಕೈತಪ್ಪಿದ ಮೇಲೆ ಲೋ ಒಲಿಂಪಿಕ್ ಚಾಂಪಿಯನ್‌ಗೆ ಮುಂದಿನ ಎರಡು ಗೇಮ್‌ಗಳಲ್ಲಿ ಬಿಟ್ಟುಕೊಟ್ಟದ್ದು ಒಂಬತ್ತು ಮತ್ತು ಆರು ಅಂಕಗಳನ್ನು ಮಾತ್ರ. ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ಎಚ್.ಎಸ್. ಪ್ರಣಯ್ ಅವರನ್ನು ಸೋಲಿಸಿದರು. ಆ ಪಂದ್ಯದಲ್ಲಿ ಪಾದದ ಗಂಟಿಗೆ ಪೆಟ್ಟಾಗಿದ್ದರೂ ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್‌ನ ಆಂಡರ್ಸ್ ಆಂಟನ್ಸನ್ ಅವರನ್ನು ನೇರ ಗೇಮ್‌ಗಳಲ್ಲಿ ಮಣಿಸಿದರು. ಡಿಸೆಂಬರ್ 19ರ ಫೈನಲ್‌ನಲ್ಲಿ ಕಿದಂಬಿ ಶ್ರೀಕಾಂತ್ ಗೆಲ್ಲಲಿ ಎಂದು ನಾನು ಮನಸಾರೆ ಹಾರೈಸುತ್ತಿದ್ದೆ. ವಿಶ್ವ ಚಾಂಪಿಯನ್‌ಷಿಪ್ ಫೈನಲ್ ತಲುಪಿದ ಮೊದಲ ಭಾರತೀಯ ಪುರುಷ ಆಟಗಾರ ಅವರು. ಶ್ರೀಕಾಂತ್ 9-3ರ ಮುನ್ನಡೆ ಪಡೆದರೂ ಲೋ ಶಟಲ್ ಅನ್ನು ಎತ್ತಿ ಕೊಡುವ ಬದಲು ಚಪ್ಪಟೆಯಾಗಿ, ವೇಗವಾಗಿ ಹೊಡೆಯುತ್ತ ಅವರಿಗೆ ಯೋಚಿಸಲು ಬಿಡುವೇ ಕೊಡದೆ ಆ ಗೇಮನ್ನು 21-15ರಿಂದ, ಎರಡನೆಯದನ್ನು 22-20ರಿಂದ ಗೆದ್ದರು. ಸಿಂಗಪುರಕ್ಕೆ ಅದು ಮೊದಲ ಬ್ಯಾಡ್ಮಿಂಟನ್ ವಿಶ್ವ ಪ್ರಶಸ್ತಿ.

ಅದೃಷ್ಟದ ವಾದ ಮಾಡುವವರಲ್ಲಿ ಒಂದು ನ್ಯಾಯವಾದ ಅಂಶವಿದೆ: ಇಂಡೊನೇಷ್ಯಾ ತನ್ನ ತಂಡವನ್ನು ಹಿಂದಕ್ಕೆ ಪಡೆದಿತ್ತು, ಅದುವರೆಗಿನ ವಿಶ್ವ ಚಾಂಪಿಯನ್, ಜಪಾನಿನ ಕೆಂಟೊ ಮೊಮೊಟಾ ಬೆನ್ನುನೋವಿನಿಂದ ಆಡಲಿಲ್ಲ. ಆದರೆ ಆ ವರ್ಷದ ಅತ್ಯಂತ ಬಲಿಷ್ಠ ಆಟಗಾರನನ್ನು ಮೊದಲ ದಿನವೇ ಎದುರಿಸಿ ಗೆದ್ದವರ ದಾರಿ ಸುಲಭವಾಗಿತ್ತು ಎಂದು ನಾನು ಒಪ್ಪಲಾರೆ.

ನಂತರದ ಕಥೆ ಏರಿಳಿತಗಳದು. 2022ರ ಜನವರಿಯಲ್ಲಿ ದೆಹಲಿಯ ಇಂಡಿಯಾ ಓಪನ್ ಫೈನಲ್‌ನಲ್ಲಿ ಲಕ್ಷ್ಯ ಅವರ ಎದುರು 22-24, 17-21ರಿಂದ ಸೋತರು. ಅದೇ ವರ್ಷ ಲೋ ವಿಶ್ವದ ಮೂರನೇ ರ‍್ಯಾಂಕ್‌ಗೂ ಏರಿದರು. 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ, 2024ರಲ್ಲಿ ಸ್ಪೇನ್ ಮಾಸ್ಟರ್ಸ್ ಪ್ರಶಸ್ತಿ ಬಂದವು. ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅದೇ ಆಕ್ಸೆಲ್ಸನ್ ಎದುರು ಸೋತರು. ಅವರ ಆಟ ವೇಗವನ್ನೇ ನಂಬಿದ್ದು. ವಿಶ್ವ ಚಾಂಪಿಯನ್ ಆದ ಮೇಲೆ ಎದುರಾಳಿಗಳೆಲ್ಲ ಆ ಆಟವನ್ನು ವಿಡಿಯೊ ನೋಡಿ ಅಭ್ಯಸಿಸಿದರು, ರ‍್ಯಾಲಿಗಳನ್ನು ಉದ್ದ ಎಳೆದು ದಣಿಸತೊಡಗಿದರು. ಅದಕ್ಕೆ ಮರುತಂತ್ರ ರೂಪಿಸಬೇಕಾದರೆ ಹಾಗೆಯೇ ಎಳೆದು ಆಡಬಲ್ಲ ಜೊತೆಗಾರರು ಮನೆಯಲ್ಲೇ ಬೇಕು. 2022ರಲ್ಲಿ ಪುರುಷರ ವಿಶ್ವ ತಂಡ ಪ್ರಶಸ್ತಿಯಾದ ಥಾಮಸ್ ಕಪ್ ಗೆದ್ದ ಭಾರತದ ತಂಡದಲ್ಲಿ ಶ್ರೀಕಾಂತ್, ಲಕ್ಷ್ಯ, ಪ್ರಣಯ್ ಮೂವರೂ ಇದ್ದರು. ಸಿಂಗಪುರಕ್ಕೆ ಆ ಮಟ್ಟದ ಸಿಂಗಲ್ಸ್ ಆಟಗಾರ ಆಗ ಒಬ್ಬರೇ.

ಲೋ ಅವರ ಮುಂದಿನ ವರ್ಷಗಳ ಬಗ್ಗೆ ನನಗೆ ಭರವಸೆ ಇರುವುದೂ ಇದೇ ಕಾರಣಕ್ಕೆ. ಅವರಿಗಿಂತ ಕಿರಿಯರಾದ ಜೇಸನ್ ತೆ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಲಕ್ಷ್ಯ ಅವರನ್ನು ಮೂರನೇ ಗೇಮ್‌ವರೆಗೆ ಎಳೆದಿದ್ದರು. ಲೋ ಅವರಿಗೆ ಸಿಂಗಪುರದ ಒಳಾಂಗಣದಲ್ಲೇ ಗಟ್ಟಿ ಎದುರಾಳಿಯಾಗಬಲ್ಲ ಆಟಗಾರ ಅವರು.