ಬೇಟೆಯ ಕತೆ ಬಿಡಿ, ಬಂಡೆಯನ್ನು ನೋಡಿ ಬರೆಯಿರಿ

ನಮಸ್ಕಾರ.

ನೀವು ಕಳಿಸಿದ ‘ಆದಿಮಾನವನ ಕಲೆ ಮತ್ತು ಜೀವನ’ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ವಾಪಸ್ ಕಳಿಸುವ ಲೇಖನವೂ ಇದಲ್ಲ. ಬಳ್ಳಾರಿ ಹತ್ತಿರದ ಕಪ್ಪಗಲ್ಲು ಗುಡ್ಡದ ಬಗ್ಗೆ ಕೊನೆಯ ಪುಟದಲ್ಲಿ ನೀವು ಬರೆದ ಒಂದು ಪ್ಯಾರಾ ತುಂಬಾ ಚೆನ್ನಾಗಿದೆ. ಅದಕ್ಕೋಸ್ಕರವೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತೊಂದರೆ ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ನಿಮ್ಮ ಮೊದಲ ವಾಕ್ಯ ಇದು: ‘ಆದಿಮಾನವನು ಬೇಟೆಗೆ ಹೋಗುವ ಮುನ್ನ ಪ್ರಾಣಿಗಳ ಚಿತ್ರ ಬರೆದು ಪೂಜಿಸುತ್ತಿದ್ದನು.’ ಯಾವ ಆದಿಮಾನವ? ಫ್ರಾನ್ಸಿನ ಶೋವೆ ಗುಹೆಯ ಹಳೆಯ ಚಿತ್ರಗಳಿಗೆ ಸುಮಾರು 36,000 ವರ್ಷ. ಅದೇ ದೇಶದ ಲಾಸ್ಕೋ ಗುಹೆಯ ಚಿತ್ರಗಳಿಗೆ ಸುಮಾರು 17,000 ವರ್ಷ. ನಮಗೂ ಲಾಸ್ಕೋದವರಿಗೂ ಎಷ್ಟು ದೂರವೋ, ಅವರಿಗೂ ಶೋವೆಯವರಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಇನ್ನು ಕಪ್ಪಗಲ್ಲಿನ ಹಳೆಯ ದನದ ಚಿತ್ರಗಳು ಸುಮಾರು 4,000 ವರ್ಷದ ಹಿಂದಿನ ನವಶಿಲಾಯುಗದವು. ಆ ಜನ ಬೇಟೆಯನ್ನೇ ನಂಬಿಕೊಂಡು ಬದುಕಿದವರಲ್ಲ, ದನ ಸಾಕಿದವರು, ಹುರುಳಿ ಬಿತ್ತಿದವರು. ಇವರೆಲ್ಲರನ್ನೂ ಸೇರಿಸಿ ಒಬ್ಬನೇ ‘ಆದಿಮಾನವ’ ಮಾಡಿ, ಅವನ ಕೈಗೊಂದು ಈಟಿ ಕೊಟ್ಟು ನಿಲ್ಲಿಸಿದ್ದೀರಿ. ಓದುವವರಿಗೆ ಅಲ್ಲಿ ಯಾರೂ ಕಾಣುವುದಿಲ್ಲ.

ಬೇಟೆಯ ವಿಚಾರಕ್ಕೆ ಬರೋಣ. ಬೇಟೆ ಸಿಗಲಿ ಎಂಬ ಮಾಟಕ್ಕಾಗಿ ಚಿತ್ರ ಬರೆದರು ಎಂಬುದು 20ನೇ ಶತಮಾನದ ಆರಂಭದಲ್ಲಿ ಯುರೋಪಿನ ವಿದ್ವಾಂಸರು ಮುಂದಿಟ್ಟ ಊಹೆ. ನಮ್ಮಲ್ಲಿ ಅದು ಈಗಲೂ ಸತ್ಯ ಎಂಬಂತೆಯೇ ಓಡಾಡುತ್ತಿದೆ. ಲಾಸ್ಕೋ ಗುಹೆಯಲ್ಲಿ ಸಿಕ್ಕ, ಜನ ತಿಂದು ಬಿಟ್ಟ ಮೂಳೆಗಳಲ್ಲಿ ಹೆಚ್ಚಿನವು ಹಿಮಸಾರಂಗದವು. ಗೋಡೆಯ ಮೇಲೆ ನೋಡಿದರೆ ಕುದುರೆಗಳು, ಕಾಡೆತ್ತುಗಳು, ಕವಲುಕೊಂಬಿನ ಜಿಂಕೆಗಳು. ಹಿಮಸಾರಂಗ ಎಂದು ಗುರುತಿಸಿರುವುದು ಒಂದೇ ಒಂದು. ಶೋವೆಯಲ್ಲಂತೂ ಸಿಂಹ, ಘೇಂಡಾಮೃಗ, ಮ್ಯಾಮತ್ ಜಾಸ್ತಿ. ದಿನದ ಊಟಕ್ಕೆ ಯಾರೂ ಸಿಂಹದ ಬೆನ್ನು ಹತ್ತಿ ಹೋಗುವುದಿಲ್ಲ, ಅಲ್ವಾ? ಅಂದರೆ ತಿಂದದ್ದು ಒಂದು, ಬರೆದದ್ದು ಇನ್ನೊಂದು. ಮದುವೆ ಆಲ್ಬಮ್ ನೋಡಿದವರಿಗೆ ನಮ್ಮ ದಿನನಿತ್ಯದ ಅಡುಗೆ ಏನು ಎಂದು ಗೊತ್ತಾಗುವುದಿಲ್ಲವಲ್ಲ, ಹಾಗೆ. ಚಿತ್ರ ನೋಡಿ ಬದುಕನ್ನು ಹೇಳಲು ಹೊರಟವರು ಮೊದಲು ಈ ಅಂತರವನ್ನು ಎದುರಿಸಬೇಕು. ನಿಮ್ಮ ಲೇಖನ ಅದನ್ನು ದಾಟಿಕೊಂಡು ಹೋಗಿಬಿಟ್ಟಿದೆ.

‘ಗಂಡಸರು ಬೇಟೆ ಮುಗಿಸಿ ಬಂದು, ತಾವು ವಾಸಿಸುವ ಗುಹೆಯಲ್ಲಿ ಸಂಜೆ ಹೊತ್ತು ಚಿತ್ರ ಬರೆಯುತ್ತಿದ್ದರು’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಲಾಸ್ಕೋದ ಒಳಭಾಗ ಕಗ್ಗತ್ತಲು, ಅಲ್ಲಿ ಯಾರೂ ಮನೆ ಮಾಡಿಕೊಂಡಿರಲಿಲ್ಲ. ಪ್ರಾಣಿಯ ಕೊಬ್ಬು ಉರಿಸುವ ಕಲ್ಲಿನ ದೀಪ ಹಿಡಿದು ಒಳಗೆ ಹೋಗಬೇಕಿತ್ತು. ಗಂಡಸರೇ ಬರೆದರು ಎಂಬುದಕ್ಕೂ ಆಧಾರ ಇಲ್ಲ. ಫ್ರಾನ್ಸಿನ ರುಫಿನ್ಯಾಕ್ ಗುಹೆಯಲ್ಲಿ ಮೆತ್ತನೆಯ ಸುಣ್ಣದ ಗೋಡೆಯ ಮೇಲೆ ಬೆರಳಿನಿಂದ ಎಳೆದ ಗೆರೆಗಳಿವೆ. ಬೆರಳುಗಳ ಅಗಲ ಅಳೆದ ಸಂಶೋಧಕರು, ಕೆಲವನ್ನು ಎಳೆದವರು ಪುಟ್ಟ ಮಕ್ಕಳು ಎಂದಿದ್ದಾರೆ. ಅಂಥ ಗೆರೆಗಳು ಮಕ್ಕಳ ಕೈಗೆ ಎಟುಕದ ಚಾವಣಿಯ ಮೇಲೂ ಇವೆ. ದೊಡ್ಡವರು ಯಾರೋ ಎತ್ತಿ ಹಿಡಿದಿರಬೇಕು. ನಿಮ್ಮ ಈಟಿ ಹಿಡಿದ ಗಂಡಸಿಗಿಂತ ಈ ಮಗು ಆ ಕಾಲದ ಬದುಕಿನ ಬಗ್ಗೆ ಹೆಚ್ಚು ಹೇಳುತ್ತದೆ.

ಆದರೂ ನನ್ನ ಮಾತು ಕೇಳುವುದಾದರೆ ಫ್ರಾನ್ಸನ್ನು ಪೂರ್ತಿ ಬಿಟ್ಟುಬಿಡಿ. ನಿಮ್ಮ ಲೇಖನ ಇರುವುದು ಕಪ್ಪಗಲ್ಲಿನಲ್ಲಿ. ಅಲ್ಲಿ ನೀವು ಕಣ್ಣಾರೆ ಕಂಡದ್ದನ್ನು ಬರೆದಿದ್ದೀರಿ: ‘ಗುಡ್ಡ ಎಲ್ಲಾ ಬಿಳಿಚು ಗ್ರಾನೈಟು, ನಡುವೆ ಕರಿ ಬಂಡೆಗಳ ಒಂದು ಪಟ್ಟಿ. ಚಿತ್ರ ಇರುವುದು ಕರಿ ಬಂಡೆಗಳ ಮೇಲೆ.’ ಎಷ್ಟು ಚೆಂದದ ಸಾಲು! ಆ ಕರಿ ಪಟ್ಟಿ ಡೋಲರೈಟ್ ಕಲ್ಲಿನದು. ಅದರ ಮೈ ಬಿಸಿಲು ಮಳೆಗೆ ಕಪ್ಪಾಗಿರುತ್ತದೆ. ಗಟ್ಟಿ ಕಲ್ಲಿನಿಂದ ಕುಟ್ಟಿದರೆ ಮೇಲಿನ ಪದರ ಹೋಗಿ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಬಣ್ಣ ಇಲ್ಲ, ಕುಂಚ ಇಲ್ಲ. ಕುಟ್ಟಿ ಕುಟ್ಟಿಯೇ ಉದ್ದ ಕೊಂಬು, ಹಿಣಿಲು, ನಾಲ್ಕು ಕಾಲು ಎಬ್ಬಿಸಿದ್ದಾರೆ. ಕಾಲ ಕಳೆದಂತೆ ಕುಟ್ಟಿದ ಗುರುತೂ ಮತ್ತೆ ಕಪ್ಪಾಗುತ್ತಾ ಹೋಗುತ್ತದೆ. ಹಾಗಾಗಿ ಒಂದೇ ಬಂಡೆಯ ಮೇಲೆ ಕಲ್ಲಿನ ಬಣ್ಣಕ್ಕೆ ತಿರುಗಿದ ಹಳೆಯ ಗೂಳಿಯೂ, ಪಕ್ಕದಲ್ಲೇ ಬೆಳ್ಳಗೆ ಹೊಳೆಯುವ ಇತ್ತೀಚಿನ ಗೀಚೂ ಇರುತ್ತದೆ. ‘ಎಲ್ಲವೂ 4,000 ವರ್ಷ ಹಳೆಯವು’ ಎಂದು ಬರೆಯುವ ಮುಂಚೆ ಈ ಬಣ್ಣದ ವ್ಯತ್ಯಾಸ ನೋಡಿ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ನಡುಮಧ್ಯಾಹ್ನ ಹೋದರೆ ಅರ್ಧ ಚಿತ್ರ ಕಾಣುವುದೇ ಇಲ್ಲ.

ಈಗ ಅದೇ ಗುಡ್ಡದ ಇನ್ನೊಂದು ಮುಖ. ಇಲ್ಲಿನ ಜನ ಅದೇ ಡೋಲರೈಟಿನಿಂದ ರಾಶಿ ರಾಶಿ ಕಲ್ಲಿನ ಕೊಡಲಿ ಮಾಡಿದ್ದರು. ಕಪ್ಪಗಲ್ಲು ಮತ್ತು ಪಕ್ಕದ ಸಂಗನಕಲ್ಲಿನ ಅಗೆತದಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಹುರುಳಿ ಇದೆ, ಹೆಸರು ಇದೆ, ಕೊರಲೆಯಂಥ ಸಿರಿಧಾನ್ಯ ಇದೆ. ಕುರಿ ಮೇಕೆಯ ಮೂಳೆಗಳೂ ಸಿಕ್ಕಿವೆ. ಬಂಡೆಯ ಮೇಲೆ ಹೊಲ ಎಲ್ಲಿದೆ? ಬೀಸುವ ಕಲ್ಲಿನ ಮುಂದೆ ಕೂತವರು ಎಲ್ಲಿದ್ದಾರೆ? ಬಹುಪಾಲು ದನ, ದನ, ದನ. ನಡುವೆ ಅಲ್ಲಲ್ಲಿ ಮನುಷ್ಯರು.

ದನದ ಮೇಲೆ ಅವರಿಗಿದ್ದ ಮನಸ್ಸು ಎಂಥದ್ದು ಎಂದು ತಿಳಿಯಬೇಕಾದರೆ ಬೂದಿ ದಿಬ್ಬಗಳನ್ನು ನಿಮ್ಮ ಲೇಖನಕ್ಕೆ ತರಲೇಬೇಕು. ನೀವು ಅವುಗಳ ಹೆಸರೂ ಎತ್ತಿಲ್ಲ! ಕುಡತಿನಿ ದಿಬ್ಬ ಬಳ್ಳಾರಿ–ಹೊಸಪೇಟೆ ರಸ್ತೆಯ ಪಕ್ಕದಲ್ಲೇ ಇದೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಅಸಲಿಗೆ ಇವು ಸಗಣಿಯನ್ನು ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟ ರಾಶಿಗಳು. ಬೆಂಕಿ ಎಷ್ಟು ಜೋರಾಗಿತ್ತೆಂದರೆ ಕೆಲವು ಕಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಪುರಾತತ್ವಜ್ಞ ಆಲ್ಚಿನ್ ಅಗೆದಾಗ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು. ಹೊಲಕ್ಕೆ ಗೊಬ್ಬರ ಆಗಬಹುದಾಗಿದ್ದ ಸಗಣಿಯನ್ನು ತಲೆಮಾರುಗಳ ಕಾಲ ಹೀಗೆ ಸುಟ್ಟರು. ಹೊಟ್ಟೆಗೆ ಹುರುಳಿಯೂ ಬೇಕಿತ್ತು, ಆದರೆ ಊರು ಕಟ್ಟಿಕೊಂಡದ್ದು ದನದ ಸುತ್ತ. ಬಂಡೆಯ ಚಿತ್ರ, ಬೂದಿ, ಸುಟ್ಟ ಕಾಳು ಮೂರನ್ನೂ ಅಕ್ಕಪಕ್ಕ ಇಟ್ಟರೆ ಮಾತ್ರ ಈ ಮಾತು ಹೇಳಬಹುದು. ಚಿತ್ರವೊಂದನ್ನೇ ನೋಡಿ ಹೇಳುವಂತಿಲ್ಲ. ನಿಮ್ಮ ಲೇಖನದ ಬೆನ್ನೆಲುಬು ಇದೇ ಆಗಬೇಕು.

ಇನ್ನು ಶಬ್ದದ ಸಂಗತಿ. ಕುರಿ ಕಾಯುವವರೊಬ್ಬರು ಕಲ್ಲೆತ್ತಿ ಬಂಡೆಗೆ ಬಡಿದರು, ಅದು ಗಂಟೆಯ ಹಾಗೆ ‘ಠಣ್’ ಎಂದಿತು ಎಂದು ಬರೆದಿದ್ದೀರಿ. ಓದುವಾಗ ಮೈ ಜುಮ್ಮೆಂದಿತು. ಅದರ ಹಿಂದೆಯೇ ‘ಆ ನಾದಕ್ಕೆ ಆದಿಮಾನವರು ಹೆಜ್ಜೆ ಹಾಕಿ ಕುಣಿಯುತ್ತಿದ್ದರು’ ಎಂದು ಸೇರಿಸಿ ಎಲ್ಲವನ್ನೂ ಹಾಳು ಮಾಡಿದ್ದೀರಿ. ನಾದ ಕೊಡುವ ಬಂಡೆಗಳಲ್ಲಿ ಕೆಲವಕ್ಕೆ ಬಡಿದು ಬಡಿದು ಕುಳಿ ಬಿದ್ದಿದೆ. ಆ ಕುಳಿಗಳ ಬಗ್ಗೆ ಪುರಾತತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ ಬರೆದರು. ಅವರ ಜೊತೆ ರವಿ ಕೋರಿಶೆಟ್ಟರ್ ಅವರಂಥವರೂ ಆ ಪ್ರದೇಶದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಒಂದೇ ಜಾಗಕ್ಕೆ ತುಂಬಾ ಸಲ ಬಡಿದಿದ್ದಾರೆ ಎಂಬುದು ಕುಳಿಯಿಂದ ಗೊತ್ತಾಗುತ್ತದೆ. ಕುಣಿತ ಗೊತ್ತಾಗುವುದಿಲ್ಲ. ಚಿತ್ರ ಕುಟ್ಟುವಾಗಲೂ ಗುಡ್ಡದಲ್ಲಿ ಸದ್ದು ಎದ್ದಿರಲೇಬೇಕು ಎಂದು ನೀವು ಬರೆದರೆ ನಾನು ಒಪ್ಪುತ್ತೇನೆ, ಏಕೆಂದರೆ ಅದು ಕಲ್ಲಿನಿಂದಲೇ ಹುಟ್ಟುವ ಮಾತು. ಊಹೆ ಮಾಡಬೇಡಿ ಎನ್ನುತ್ತಿಲ್ಲ. ಊಹೆಯನ್ನು ಊಹೆ ಎಂದೇ ಬರೆಯಿರಿ, ಯಾವ ಗುರುತು ನೋಡಿ ಹಾಗೆ ಊಹಿಸಿದಿರಿ ಎಂದೂ ಹೇಳಿ.

ನೀವು ಕಳಿಸಿದ ಫೋಟೋಗಳಲ್ಲಿ ಗೂಳಿಯ ಸುತ್ತ ಸೀಮೆಸುಣ್ಣದ ಗೆರೆ ಇದೆ. ಎಳೆದವರು ನೀವೋ ಬೇರೆಯವರೋ, ಅಂಥ ಫೋಟೋ ನಾವು ಹಾಕುವುದಿಲ್ಲ. ಅದನ್ನು ನೋಡಿದ ಹತ್ತು ಜನ ಸೀಮೆಸುಣ್ಣ ಹಿಡಿದು ಗುಡ್ಡ ಹತ್ತುತ್ತಾರೆ. ಚಿತ್ರ ಎದ್ದು ಕಾಣಲಿ ಎಂದು ನೀರು ಎರಚುವುದೂ ಬೇಡ. ಈ ಗುಡ್ಡ ಕಲ್ಲು ಗಣಿಗಾರಿಕೆಯಿಂದ ಈಗಾಗಲೇ ಪೆಟ್ಟು ತಿಂದಿದೆ. ಅದರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲದ್ದು ನನಗೆ ಬೇಸರ ತಂದಿತು. ಊರಿನವರನ್ನು ಮಾತಾಡಿಸಿ, ಅದನ್ನೂ ಬರೆಯಿರಿ.

ಮೊದಲ ಮೂರು ಪುಟ ತೆಗೆದುಹಾಕಿ. ಕರಿ ಬಂಡೆಗಳ ಪಟ್ಟಿಯಿಂದ ಶುರು ಮಾಡಿ. ಸುಮಾರು 1,200 ಪದ ಸಾಕು. ಫೋಟೋ ತೆಗೆಯುವಾಗ ಚಿತ್ರದ ಅಳತೆ ತಿಳಿಯುವಂತೆ ಪಕ್ಕದಲ್ಲೊಂದು ಸ್ಕೇಲ್ ಇಡಿ, ಬಂಡೆಗೆ ಏನನ್ನೂ ಅಂಟಿಸಬೇಡಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ. ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ