ಶ್ರೀಶೈಲ ಪಾದಯಾತ್ರೆ: ಕಾಡಿನ ಹಾದಿಗೆ ಎಷ್ಟು ಲೀಟರ್ ನೀರು ಹೊರಬೇಕು?

ಗೋಕಾಕದಿಂದ ಯುಗಾದಿಗೆ ಒಬ್ಬರೇ ನಡೆದು ಹೊರಟಿದ್ದೀರಿ, ನಲ್ಲಮಲ ಕಾಡಿಗೆ ಎಷ್ಟು ಲೀಟರ್ ನೀರು ಬೇಕು, ಯಾವ ಬ್ಯಾಗ್ ಚಲೋ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತ ಕೂತಿದ್ದೆ. ಆ ಲೆಕ್ಕವೇ ನನ್ನನ್ನು ಕೆಡವಿತು.

ನಮ್ಮದು ರಬಕವಿ. ಓಣಿಯ ಕಂಬಿಯ ಜೊತೆ, ಅಂದರೆ ಶ್ರೀಶೈಲ ಮಲ್ಲಯ್ಯನ ಕಾವಡಿ ಹೆಗಲಿಗೇರಿಸಿ ನಡೆಯುವ ತಂಡದ ಜೊತೆ ಹೊರಟೆ. ಅವ್ವ ಭ್ರಮರಾಂಬೆಗೆ ಅಂತ ಇಳಕಲ್ ಸೀರೆ ಕೊಟ್ಟಿದ್ದಳು. ನಮ್ಮ ಕಡೆ ಆಕೆ ಮನೆಮಗಳು, ಮಲ್ಲಯ್ಯ ಅಳಿಯ, ಹಬ್ಬಕ್ಕೆ ಬರಿಗೈಲೆ ಹೋಗೋದುಂಟೇ? ಹುನಗುಂದ, ಲಿಂಗಸುಗೂರು, ರಾಯಚೂರು ಸೀಮೆ, ತುಂಗಭದ್ರೆ ದಾಟಿ ಆತ್ಮಕೂರು. ಹದಿಮೂರು ದಿನ ಏನೂ ಆಗಲಿಲ್ಲ. ನಸುಕಿನ ಮೂರಕ್ಕೆ ಎದ್ದು ನಡಿಗೆ, ಬಿಸಿಲೇರಿದರೆ ನೆರಳು, ಊರೂರಿಗೆ ದಾಸೋಹ. ಅಂಗಾಲಿನ ಗುಳ್ಳೆ ಎಲ್ಲರಿಗೂ ಏಳುತ್ತವೆ, ಬಿಡಿ.

ವೆಂಕಟಾಪುರದಿಂದ ಕಾಡು ಶುರು. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಆಮೇಲೆ ಕೈಲಾಸ ಬಾಗಿಲು, ಸುಮಾರು 40 ಕಿ.ಮೀ. ಕಾಡು ಅಂದರೆ ನೆರಳು ಅಂದುಕೊಳ್ಳಬೇಡಿ. ಆ ಹೊತ್ತಿಗೆ ಎಲೆ ಉದುರಿ ಮರಗಳೆಲ್ಲ ಬೋಳು, ಕಾಲಡಿ ಕಾದ ಕಲ್ಲು.

‘ತಾಸಿಗೆ ಒಂದು ಲೀಟರ್ ಕುಡಿಯಬೇಕು’ ಅಂತ ಎಲ್ಲೋ ಓದಿದ್ದೆ. ಕೊಳವೆ ಇರುವ ಮೂರು ಲೀಟರಿನ ಬ್ಯಾಗ್ ಕೊಂಡಿದ್ದೆ. ಮೊಬೈಲಿನಲ್ಲಿ ಕಾಲು ತಾಸಿಗೊಮ್ಮೆ ಅಲಾರಾಂ. ಬಾಯಾರಿಕೆ ಇರಲಿ ಬಿಡಲಿ, ಅದು ಬಡಿದರೆ ನಾಲ್ಕು ಗುಟುಕು. ಅರವಟ್ಟಿಗೆ ಸಿಕ್ಕಲ್ಲೆಲ್ಲ ಮತ್ತೆ ತುಂಬಿಸೋದು. ಅದರ ಮೇಲೆ ಇನ್ನೊಂದು ಶಾಣ್ಯಾತನ: ಕಾಡಿನ ದಿನ ಉಪವಾಸ ಹಿಡಿದೆ. ಬಾಳೆಹಣ್ಣು, ಕಲ್ಲುಸಕ್ಕರೆ, ಅಷ್ಟೇ. ಹಾದಿಯಲ್ಲಿ ಕೊಟ್ಟ ಮಜ್ಜಿಗೆಯನ್ನೂ ‘ಎಲ್ಲಿಯ ನೀರೋ ಏನೋ’ ಅಂತ ಮುಟ್ಟಲಿಲ್ಲ. ಅಂದರೆ ಬೆಳಗಿನಿಂದ ಒಂದು ಹರಳು ಉಪ್ಪು ಹೊಟ್ಟೆಗೆ ಹೋಗಿಲ್ಲ, ನೀರು ಮಾತ್ರ ಏಳೆಂಟು ಲೀಟರ್.

ನಾಗಲೂಟಿಯ ಮೆಟ್ಟಿಲು ಹತ್ತುವಾಗ ಬೆರಳಿನ ಉಂಗುರ ಬಿಗಿಯಿತು. ಅರ್ಧ ತಾಸಿಗೊಮ್ಮೆ ಮೂತ್ರ, ಅದೂ ನೀರಿನಷ್ಟೇ ತಿಳಿ. ‘ಸರಿಯಾಗಿ ನೀರು ಕುಡೀತಿದ್ದೀನಿ’ ಅಂತ ಖುಷಿಪಟ್ಟೆ! ಪೆದ್ದಚೆರುವು ಹತ್ತಿರ ತಲೆ ಸಿಡಿಯತೊಡಗಿತು, ವಾಂತಿ. ಬಿಸಿಲು ಬಡಿದಿದೆ ಅಂತ ಜನ ಇನ್ನಷ್ಟು ನೀರು ಕುಡಿಸಿದರು. ಕಂಬಿ ಹೊತ್ತ ಕಾಕಾನ ಹೆಸರೇ ನೆನಪಾಗಲಿಲ್ಲ ನನಗೆ. ಆತ ಓಡಿ ಬಂದು, ‘ಏ, ಅವಗ ನೀರ ಕುಡಸಬ್ಯಾಡ್ರೋ, ಮುಖ ನೋಡ್ರಿ ಹೆಂಗ ಬಾತೈತಿ’ ಅಂದನಂತೆ. ನನಗೆ ಅದು ಗೊತ್ತಿಲ್ಲ. ಟ್ರ್ಯಾಕ್ಟರಿನಲ್ಲಿ ಹಾಕಿ ವಾಪಸ್ ಒಯ್ದರು. ಆಸ್ಪತ್ರೆಯಲ್ಲಿ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, 121. ಇರಬೇಕಾದ್ದು 135ರಿಂದ 145.

ಡಾಕ್ಟರು ಹೇಳಿದ್ದು ಇಷ್ಟು: ಬೆವರಿನ ಜೊತೆ ಉಪ್ಪು ಹೋಗುತ್ತದೆ. ನೀವು ಬರೀ ನೀರು ಸುರಿದುಕೊಂಡರೆ ಉಳಿದ ಉಪ್ಪೂ ತೆಳುವಾಗುತ್ತದೆ, ಮಿದುಳು ಬಾಯುತ್ತದೆ. ಮೂತ್ರಪಿಂಡ ತಾಸಿಗೆ ಹೊರಹಾಕುವುದು ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ಮೈ ದಣಿದಾಗ ಅದೂ ಇಲ್ಲ. ಬಿಸಿಲು ಬಡಿದವನಿಗೂ ತಲೆನೋವು, ವಾಂತಿ. ನೀರು ಹೆಚ್ಚಾದವನಿಗೂ ಅದೇ. ಬಾಯಿ ಒಣಗಿ ಮೂತ್ರ ಕಡು ಹಳದಿಯಾದರೆ ನೀರು ಸಾಲದು. ಬೆರಳು ಬಾತು ಮೂತ್ರ ತಿಳಿಯಾಗಿದ್ದು ತಲೆ ಮಂಕಾದರೆ ಬರೀ ನೀರು ಕೊಡಬೇಡಿ, ವೈದ್ಯರ ಹತ್ತಿರ ಒಯ್ಯಿರಿ.

ಹಾಗಾಗಿ ಲೀಟರ್ ಲೆಕ್ಕ ಬಿಡಿ. ಯುಗಾದಿ ಹೊತ್ತಿಗೆ ಹಾದಿಯುದ್ದಕ್ಕೂ ನೀರು ಕೊಡುವವರಿರುತ್ತಾರೆ. ಎರಡು ಲೀಟರಿನ ಬಾಟಲಿ ಸಾಕು, ಬಾಯಾರಿದಾಗ ಕುಡಿಯಿರಿ. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಇರಲಿ. ಕಾಕಾ ತಿಂದದ್ದು ಅದನ್ನೇ, ಅರವತ್ತು ದಾಟಿದವನು, ಕಂಬಿ ಹೊತ್ತು ದಾಟಿದ. ಓಆರ್‌ಎಸ್ ಒಯ್ದರೆ ಲೀಟರಿಗೆ ಹಾಕುವ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಹಾಕಿ, ಅರ್ಧ ಬಾಟಲಿಗಲ್ಲ. ಬಿಪಿ, ಕಿಡ್ನಿ ತೊಂದರೆ ಇದ್ದರೆ ಉಪ್ಪಿನ ಮಾತು ನಿಮ್ಮ ವೈದ್ಯರನ್ನು ಕೇಳಿ, ನನ್ನನ್ನಲ್ಲ. ಕಾಡಿನ ದಿನ ಉಪವಾಸ ಮಾತ್ರ ಬೇಡವೇ ಬೇಡ.

ಒಬ್ಬರೇ ಹೋಗುವ ಮಾತಂತೂ ನನಗೆ ಒಪ್ಪಿಗೆಯಿಲ್ಲ. ಅದು ಹುಲಿ ಸಂರಕ್ಷಿತ ಕಾಡು, ಜಾತ್ರೆಯ ಹೊತ್ತಿಗೆ ಪಾದಯಾತ್ರಿಗಳಿಗೆ ಬಿಡುವ ಹಾದಿ. ‘ನನ್ನದೇ ವೇಗ’ ಅಂದಿದ್ದೀರಿ. ನನ್ನ ಮುಖ ಬಾತದ್ದು ನನಗೆ ಕಂಡಿರಲಿಲ್ಲ, ಕಾಕಾನಿಗೆ ಕಂಡಿತು. ನಿಮ್ಮೂರಿನ ಕಂಬಿ ಯಾವತ್ತು ಹೊರಡುತ್ತದೆ, ಇವತ್ತೇ ವಿಚಾರಿಸಿ.

ಆ ವರ್ಷ ಸೀರೆ ಮುಟ್ಟಿಸಿದ್ದೂ ಕಾಕಾನೇ. ಮರುವರ್ಷ ಮತ್ತೆ ಹೋದೆ, ಭೀಮನ ಕೊಳ್ಳ ಇಳಿದು ಹತ್ತಿ ಕೈಲಾಸ ಬಾಗಿಲು ದಾಟಿದೆ. ಅವ್ವ ಮಾತ್ರ ಸೀರೆಯನ್ನು ನನ್ನ ಕೈಗೆ ಕೊಡದೆ ನೇರ ಕಾಕಾನ ಗಂಟಿಗೇ ಇಟ್ಟಿದ್ದಳು.